ದೊಡ್ಡಮ್ಮ ರೇಡಿಯೊದಲ್ಲಿ ಹಾಡಿದ್ದು

ಸಂಗೀತ ಕಛೇರಿಯಲ್ಲಿ ನಾನು ತಲೆದೂಗುವುದು ಮುಂದಿನ ಸಾಲಿನವರ ತಲೆ ನೋಡಿಕೊಂಡು. ಅವರದು ಬಲಕ್ಕೆ ವಾಲಿದರೆ ನನ್ನದೂ ಬಲಕ್ಕೆ. ಒಮ್ಮೆ ಒಬ್ಬರನ್ನು ಹೀಗೇ ನಂಬಿ ಬಹಳ ಹೊತ್ತು ತಲೆದೂಗಿದೆ. ಆಮೇಲೆ ನೋಡಿದರೆ ಅವರು ತೂಕಡಿಸುತ್ತಿದ್ದರು. ಇಂಥ ನನ್ನನ್ನು ತಿ. ನರಸೀಪುರದ ಸಂಗೀತಪ್ರಿಯರು ‘ರೇಡಿಯೊದ ಆರಂಭದ ದಿನಗಳು’ ಎಂಬ ವಿಷಯದ ಮೇಲೆ ಮಾತಾಡಲು ಕರೆದರು. ಮೊದಲು ಭಾಷಣ, ಆಮೇಲೆ ಶಾಸ್ತ್ರೀಯ ಗಾಯನ. ಊಟಕ್ಕೆ ಮುಂಚೆ ಕಷಾಯ ಕುಡಿಸಿದ ಹಾಗೆ.

ನನಗಿದ್ದ ಅರ್ಹತೆ ಇಷ್ಟೇ. ನಂಜನಗೂಡಿನ ನಮ್ಮ ಮನೆಯಲ್ಲಿ ಅಪ್ಪನ ಕಾಲದ ವಾಲ್ವ್ ರೇಡಿಯೊ ಒಂದು ಕೂತಿದೆ. ಅದು ಬಾಯಿ ಬಿಟ್ಟು ಎಷ್ಟೋ ವರ್ಷವಾಯಿತು. ತಾಂಡ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಂಡಿದ್ದು ನಿವೃತ್ತನಾದ ನನಗೆ ಯಾವ ವಸ್ತುವನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ. ನಮ್ಮ ಕಡೆ ಒಂದು ವಸ್ತುವನ್ನು ಸಾಕಷ್ಟು ಕಾಲ ಬಿಸಾಡದೆ ಇಟ್ಟುಕೊಂಡರೆ, ಅದರಲ್ಲಿ ವಿದ್ವಾಂಸ ಎನ್ನಿಸಿಕೊಳ್ಳುವುದು ಕಷ್ಟವಲ್ಲ.

ಜೊತೆಗೆ ನನ್ನ ಬತ್ತಳಿಕೆಯಲ್ಲಿ ಗೌರಿ ದೊಡ್ಡಮ್ಮನಿದ್ದಳು. ಅಮ್ಮನ ಅಕ್ಕ, ತೊಂಬತ್ತರ ಹತ್ತಿರದವಳು, ನಮ್ಮ ಮನೆಯಲ್ಲೇ ಇರುತ್ತಾಳೆ. ದೇವನೂರಿನ ರೈತರ ಮನೆಯ ಹುಡುಗಿ. ಊರಿಗೆ ನಾಟಕ ಕಲಿಸಲು ಬಂದ ಹಾರ್ಮೋನಿಯಂ ಮೇಷ್ಟ್ರಿಂದ ಸಂಗೀತ ಕಲಿತು, ಮದುವೆಗೆ ಮುಂಚೆಯೇ ಮೈಸೂರಿಗೆ ಹೋಗಿ ರೇಡಿಯೊದಲ್ಲಿ ಹಾಡಿ ಬಂದವಳು. ನಮ್ಮ ವಂಶದಲ್ಲಿ ಅಷ್ಟು ದೂರದವರೆಗೆ ದನಿ ಮುಟ್ಟಿಸಿದವಳು ಅವಳೊಬ್ಬಳೇ. ಉಳಿದವರದು ಪಕ್ಕದ ಗದ್ದೆಯವರೆಗೆ ಮಾತ್ರ. ಆದರೆ ನಾನು ಕಂಡಂತೆ ಅವಳು ಎಂದೂ ಹಾಡಿದವಳಲ್ಲ. ಕೇಳಿದರೆ, “ಒಲೆ ಮೇಲೆ ಸಾರೈತೆ, ಓಗೋ” ಎನ್ನುತ್ತಿದ್ದಳು.

“ಬಾ ದೊಡ್ಡಮ್ಮ, ನಿನಗೊಂದು ಶಾಲು ಹೊದಿಸುತ್ತಾರೆ” ಎಂದು ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ನಮ್ಮೂರ ಕಪಿಲೆ ನರಸೀಪುರಕ್ಕೆ ಹೋಗಿ ಕಾವೇರಿಗೆ ಸೇರಿ ತನ್ನ ಹೆಸರು ಕಳೆದುಕೊಳ್ಳುತ್ತಾಳೆ. ನಾನೂ ಅದೇ ಊರಿಗೆ ಅದೇ ಕೆಲಸಕ್ಕೆ ಹೋಗುತ್ತಿದ್ದೇನೆಂದು ಆಗ ತಿಳಿದಿರಲಿಲ್ಲ.

ಭಾಷಣ ಚೆನ್ನಾಗಿಯೇ ಶುರುವಾಯಿತು. ಆ ಕಾಲದ ರೇಡಿಯೊ ಕಿವಿ ಹಿಂಡಿದ ಕೂಡಲೇ ಮಾತಾಡುತ್ತಿರಲಿಲ್ಲ, ಹೊಸ ಅಳಿಯನ ಹಾಗೆ ಬಿಸಿಯಾಗಲು ಹೊತ್ತು ಬೇಕಿತ್ತು ಎಂದೆ. ಸೂರಿನ ಮೇಲೆ ಏರಿಯಲ್ ಕಟ್ಟಬೇಕಿತ್ತು, ಇನ್ನೊಂದು ತಂತಿಯನ್ನು ನೆಲದಲ್ಲಿ ಹೂತು ದಿನಾ ನೀರು ಹೊಯ್ಯಬೇಕಿತ್ತು, ಲೈಸೆನ್ಸು ಬೇರೆ ಮಾಡಿಸಬೇಕಿತ್ತು ಎಂದೆ. ಜನ ನಕ್ಕರು. ಹುರುಪು ಬಂದು ದೊಡ್ಡಮ್ಮನ ಕಥೆಗೆ ಕೈ ಹಾಕಿದೆ. ಕರೆಂಟಿಲ್ಲದ ದೇವನೂರಿನಲ್ಲಿ ಪಟೇಲರ ಜಗಲಿಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಬ್ಯಾಟರಿಯ ರೇಡಿಯೊ. ಸುತ್ತ ಊರಿಗೆ ಊರೇ. ಅನೌನ್ಸರು ದೊಡ್ಡಮ್ಮನ ಹೆಸರು ಹೇಳಿದರು. ಕರಕರ ಸದ್ದಿನ ನಡುವೆ ಅವಳ ದನಿ ಹರಿದು ಬಂತು. “ಅಂದಿನಿಂದ ಊರವರು ಇವಳಿಗಿಟ್ಟ ಬಿರುದು ‘ಪಿಟೀಲು ಕಂಠ’ ” ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಕಾರ್ಯದರ್ಶಿ ಶಿವಣ್ಣ ಮೇಷ್ಟ್ರು ಶಾಲು ಹೊದಿಸಿ, “ಎರಡು ಮಾತಾಡಿ ತಾಯಿ” ಎಂದು ಮೈಕು ಹಿಡಿದರು.

ದೊಡ್ಡಮ್ಮ ಮೈಕನ್ನು ಒಮ್ಮೆ ನೋಡಿದಳು.

“ಅದು ಪಿಟೀಲೇ ಕಣ್ರಪ್ಪ” ಎಂದಳು.

ಸಭೆ ನಕ್ಕಿತು.

“ನಗಬ್ಯಾಡಿ. ನಾನು ಆವತ್ತು ಬಾಯೇ ಬಿಡ್ನಿಲ್ಲ. ಆಗೆಲ್ಲಾ ನೇರ ಪ್ರಸಾರ. ಕೆಂಪು ಲೈಟ್ ಅತ್ಕೊಂತು, ನನ್ ಗಂಟಲು ಆರೋಯ್ತು. ಪಿಟೀಲಿನೋರು ಎರಡು ಸಲ ನನ್ ಮಕ ನೋಡುದ್ರು. ಆಮೇಲೆ ಕಣ್ಣು ಮುಚ್ಕೊಂಡು ನನ್ನ ಆಡ್ನೆಲ್ಲಾ ಅವರೇ ಬಾರಿಸ್ಬುಟ್ರು. ದಿಟ ಏಳಾನ ಅಂತ ಊರಿಗೆ ಬಂದ್ರೆ ಬಸ್ ಸ್ಟಾಪಲ್ಲಿ ಊವಿನ ಆರ ಇಡ್ಕೊಂಡು ನಿಂತವ್ರೆ! ಏನಂತ ಏಳ್ಲಿ?”

ನಾನು ನನ್ನ ಭಾಷಣದ ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ. ಅಷ್ಟರಲ್ಲಿ ಮೂರನೆಯ ಸಾಲಿನಿಂದ ಒಬ್ಬ ಮುದುಕರು ಎದ್ದರು. ದೇವನೂರಿನ ಸಿದ್ದಪ್ಪನವರು, ತಮ್ಮೂರ ಹೆಣ್ಣುಮಗಳಿಗೆ ಸನ್ಮಾನ ಎಂದು ಕೇಳಿ ಬಂದಿದ್ದವರು.

“ಅದೆಂಗಾದದು ಗೌರಕ್ಕ? ನಾನು ಚಿಕ್ಕ ಉಡ್ಗ ಆಗಿದ್ದಾಗ ಪಟೇಲರ ಜಗಲಿ ಮ್ಯಾಲೆ ಕೂತು ಕಿವಿಯಾರ ಕೇಳಿವ್ನಿ. ಒಂದೊಂದು ಅಕ್ಸರಾನೂ ತಿಳೀತಿತ್ತು!”

“ಪಿಟೀಲಲ್ಲಿ ಅಕ್ಸರ ಎಲ್ಲಿಂದ ಬಂತೋ ಸಿದ್ದ?”

“ನಿಂಗೆ ವಯಸ್ಸಾಯ್ತು ಕಣಕ್ಕ, ಮರ್ತೋಗದೆ.”

ಶಿವಣ್ಣ ಮೇಷ್ಟ್ರೂ ಸಿದ್ದಪ್ಪನವರ ಪರ ನಿಂತರು. “ದೊಡ್ಡವರ ವಿನಯ ನೋಡಿ!” ಎಂದರು. ಮತ್ತೆ ಚಪ್ಪಾಳೆ. ಹಾಡಲಿಲ್ಲ ಎಂದು ಹಾಡಿದವಳೇ ಹೇಳಿದರೂ, ಕೇಳಿದವರು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಕೋರ್ಟಿಗೆ ಹೋಗಿದ್ದರೂ ದೊಡ್ಡಮ್ಮ ಸೋಲುತ್ತಿದ್ದಳು.

ಅವಳ ಮುಖ ಸಣ್ಣದಾಯಿತು. “ಅದ್ಕೇ ಆಮೇಲೆ ಆಡ್ನಿಲ್ಲ” ಎಂದಳು, ಮೈಕಿಗೆ ಕೇಳದಷ್ಟು ಮೆಲ್ಲಗೆ. “ಪಿಟೀಲಿನಂಗೆ ಆಡ್ತಾಳೆ ಅಂತ ಊರೆಲ್ಲಾ ಅಂದ್ಮೇಲೆ ನನ್ ದನೀಲಿ ಆಡೋದೆಂಗೆ?” ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು. ಇಷ್ಟು ವರ್ಷ ಒಲೆಯ ಮೇಲಿದ್ದದ್ದು ಸಾರಲ್ಲ ಎಂದು ನನಗೆ ಆಗ ತಿಳಿಯಿತು.

ಅಂದಿನ ಗಾಯಕಿ ಮೈಸೂರಿನ ಹುಡುಗಿ. ವೇದಿಕೆಯಲ್ಲಿ ತಂಬೂರಿ ಸರಿಮಾಡಿಕೊಳ್ಳುತ್ತ ಕೂತಿದ್ದವಳು ಎದ್ದು ಬಂದು ದೊಡ್ಡಮ್ಮನ ಕೈ ಹಿಡಿದಳು. “ಅಜ್ಜಿ, ಇಲ್ಲಿ ಕೆಂಪು ಲೈಟ್ ಇಲ್ಲ. ಈಗ ಹಾಡಿ” ಎಂದಳು.

ದೊಡ್ಡಮ್ಮ ನನ್ನ ಕಡೆ ನೋಡಿದಳು. ಬೇಡ ಎನ್ನಬೇಕೆಂದುಕೊಂಡೆ, ಮರ್ಯಾದೆಯ ಭಯ, ಅವಳದ್ದೋ ನನ್ನದೋ ಗೊತ್ತಿಲ್ಲ. ಅವಳು ಕಾಯಲೇ ಇಲ್ಲ. ಜಮಖಾನದ ಮೇಲೆ ನಿಧಾನವಾಗಿ ಕೂತು, ತೊಡೆಯ ಮೇಲೆ ತಾಳ ಹಾಕಿ, ಮೋಹನ ರಾಗದಲ್ಲಿ ಒಂದು ದೇವರನಾಮ ಎತ್ತಿದಳು.

ಪಿಟೀಲು ಕಂಠವಂತೂ ಅಲ್ಲ. ಒರಟಾದ, ಸ್ವಲ್ಪ ಒಡೆದ, ಗದ್ದೆಯ ಬದುವಿನ ಮೇಲೆ ನಡೆಯುವವರ ಹಾಗೆ ಹುಷಾರಾಗಿ ಕಾಲಿಡುವ ದನಿ. ಚರಣದಲ್ಲಿ ಮೇಲಕ್ಕೆ ಹೋಗುವಾಗ ಉಸಿರು ಸಾಲದೆ ನಿಂತುಬಿಟ್ಟಳು. ಗಾಯಕಿಯ ಜೊತೆಗೆ ಬಂದಿದ್ದ ಪಿಟೀಲಿನ ಯುವಕ ಪಾಪ, ಸಹಾಯಕ್ಕೆಂದು ಥಟ್ಟನೆ ಬಿಲ್ಲು ಎಳೆದ. ದೊಡ್ಡಮ್ಮ ಕೈಯೆತ್ತಿ ತಡೆದಳು.

“ನೀನು ತಡಿಯಪ್ಪ. ಅದು ಒಂದ್ಸಲ ಆಗೋಗದೆ.”

ಅವಳು ಉಸಿರು ತಂದುಕೊಂಡು, ಬಿಟ್ಟ ಜಾಗದಿಂದ ಹಿಡಿದು, ಮೇಲಕ್ಕೂ ಹೋಗಿ, ಕೆಳಕ್ಕೂ ಇಳಿದು, ಪಲ್ಲವಿಗೆ ಬಂದು ಕೂತಳು. ನಾನು ತಲೆದೂಗುತ್ತಿದ್ದೆ, ಯಾರ ತಲೆಯನ್ನೂ ನೋಡಿರಲಿಲ್ಲ.

ಕಛೇರಿ ಮುಗಿದ ಮೇಲೆ ಬಾಗಿಲ ಬಳಿ ಸಿದ್ದಪ್ಪನವರು ಅಡ್ಡ ನಿಂತರು. “ಚೆಂದಾಗಿತ್ತು ಗೌರಕ್ಕ. ಆದ್ರೂವೆ ಆವತ್ತಿನಷ್ಟು ಇಲ್ಲ ಬುಡು” ಎಂದರು.

ನನಗೆ ಸಿಟ್ಟು ಬಂತು. ಕಾರಿನಲ್ಲಿ ಕೂತ ಮೇಲೂ ಅವರನ್ನು ಬೈಯುತ್ತಲೇ ಇದ್ದೆ. ದೊಡ್ಡಮ್ಮ ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡು ನಕ್ಕಳು.

“ಸುಮ್ಕಿರೋ. ಸಿದ್ದ ಏಳಿದ್ದು ದಿಟವೇ. ಆ ಪಿಟೀಲಿನೋರು ಆವತ್ತು ಏನ್ ಚೆಂದಾಗಿ ಬಾರಿಸುದ್ರು ಅಂತೀಯ! ಅಷ್ಟು ಅತ್ರದಿಂದ ಕೇಳ್ದೋಳು ನಾನೊಬ್ಳೇಯ.”