ಚೆಂಚೋನ ಹಸಿವು

ಒತೀಲಿಯಾ ರೊಟ್ಟಿ ತಟ್ಟುವ ಸದ್ದು ಕೇಳಿಸಿಕೊಂಡೇ ಊರಿನ ಹುಂಜಗಳು ಕೂಗುತ್ತವೆ ಎಂದು ಜನ ತಮಾಷೆ ಮಾಡುತ್ತಿದ್ದರು. ಮೆಕ್ಸಿಕೋದ ಮೊರೆಲೋಸ್ ಸೀಮೆಯಲ್ಲಿ, ಹೊಗೆಯುಗುಳುವ ಬೆಟ್ಟದ ಬುಡಕ್ಕಿದ್ದ ಹಳ್ಳಿ ಅದು. ಕಬ್ಬಿನ ಕಟಾವು ಶುರುವಾಯಿತೆಂದರೆ ಗದ್ದೆಗೆ ಹೋಗುವವರ ಬುತ್ತಿಯ ರೊಟ್ಟಿಯೆಲ್ಲ ಅವಳ ಒಲೆಯದೇ. ಬೆಳಕು ಹರಿಯುವ ಮೊದಲೇ ಎದ್ದು, ಸುಣ್ಣದ ನೀರಲ್ಲಿ ಬೆಂದ ಮೆಕ್ಕೆಜೋಳವನ್ನು ಮಂಡಿಯೂರಿ ಕಲ್ಲಿನ ಮೇಲೆ ಅರೆದು, ಅಂಗೈಯಲ್ಲೇ ತಟ್ಟಿ, ಮಣ್ಣಿನ ಹೆಂಚಿಗೆ ಹಾಕಿ ತೆಗೆಯುವಳು. ಗಂಡ ಮಕಾರಿಯೋ ದೂರದ ಗದ್ದೆಗಳಲ್ಲಿ ಕಬ್ಬು ಕಡಿಯುತ್ತಿದ್ದ. ಶನಿವಾರ ಸಂಜೆಗೊಮ್ಮೆ ಮನೆಗೆ ಬರುತ್ತಿದ್ದ. ಮಿಕ್ಕ ದಿನ ಮನೆಯಲ್ಲಿ ಇರುತ್ತಿದ್ದವರು ಅವಳು, ಅತ್ತೆ ನಿಕಾನೋರಾ, ಮತ್ತೆ ಬೆನ್ನಿಗೆ ಶಾಲಿನಲ್ಲಿ ಕಟ್ಟಿಕೊಂಡ ಚೆಂಚೋ.

ಚೆಂಚೋ ಎಂಟು ತಿಂಗಳ ಕೂಸು. ಪಾದ್ರಿ ಇಟ್ಟ ಹೆಸರು ಕ್ರೆಸೆನ್ಸಿಯೋ. ಅಷ್ಟುದ್ದ ಕೂಗುವ ಪುರಸೊತ್ತು ಯಾರಿಗಿದೆ? ಅವನಿಗಂತೂ ಇರಲಿಲ್ಲ. ಹುಟ್ಟಿದ ಗಳಿಗೆಯಿಂದ ಅವನಿಗೆ ಒಂದೇ ಕೆಲಸ, ಮೊಲೆ ಚೀಪುವುದು. ಎಡದ್ದು ಮುಗಿಸಿ ಬಲಕ್ಕೆ ಬರುವನು, ಬಲದ್ದು ಮುಗಿಸಿ ಮತ್ತೆ ಎಡಕ್ಕೆ ತಿರುಗಿ ಚೀರುವನು.

ಹೊಳೆಯ ಒಗೆಯುವ ಕಲ್ಲುಗಳ ಹತ್ತಿರ ಹೆಂಗಸರಿಗೆಲ್ಲ ಅವನದೇ ಮಾತು. "ಏನೇ, ಕೂಸು ಹೆತ್ತೆಯೋ ಕರು ಹೆತ್ತೆಯೋ?" ಎಂದು ಹರ್ಕುಲಾನಾ ನಗಾಡುವಳು. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡಿದ್ದವಳು ಅವಳೇ, ಹಾಗಾಗಿ ಒತೀಲಿಯಾಗೆ ಅವಳು ಕೊಮಾದ್ರೆ.

"ಕರುವಾದ್ರೂ ಹೊಟ್ಟೆ ತುಂಬಿದ್ಮೇಲೆ ಬಿಡುತ್ತೆ ಕೊಮಾದ್ರೆ. ಇವನು ಬಿಡಲ್ಲ."

"ಅಪ್ಪನ ಹಾಗೇ ಬಿಡು!"

ಹೆಂಗಸರು ಬಟ್ಟೆ ಕುಕ್ಕುವುದನ್ನು ನಿಲ್ಲಿಸಿ ನಗುವರು. ಒತೀಲಿಯಾಳೂ ನಗುವಳು. ಆದರೆ ಮನೆಗೆ ಬಂದರೆ ಅತ್ತೆಯ ಮುಖದಲ್ಲಿ ನಗು ಇರುತ್ತಿರಲಿಲ್ಲ.

"ನಿನ್ನ ಹಾಲು ಬರೀ ನೀರು ಕಣೇ. ಬಿಡಿಸು ಅಂದೆನಲ್ಲ. ಅತೋಲೆ ಕುಡಿಸೋಣ, ಮೈಕೈ ತುಂಬ್ಕೋತಾನೆ."

ಅತೋಲೆ ಎಂದರೆ ಮೆಕ್ಕೆಜೋಳದ ತೆಳು ಗಂಜಿ. ಆ ಮಾತು ಕೇಳಿದರೆ ಒತೀಲಿಯಾಳ ಕೈ ತಟ್ಟುತ್ತಿದ್ದ ರೊಟ್ಟಿಯ ಮೇಲೇ ನಿಂತುಬಿಡುತ್ತಿತ್ತು. ಅವಳ ಚೊಚ್ಚಲು ಮಗಳು ಪೆತ್ರಾಗೂ ಎಂಟನೇ ತಿಂಗಳಲ್ಲೇ ಹಾಲು ಬಿಡಿಸಿದ್ದು. ಮೊಲೆಗೆ ಲೋಳೆಸರದ ಕಹಿ ಸವರಿ, ಬಟ್ಟಲಲ್ಲಿ ಅತೋಲೆ ಕೊಟ್ಟಿದ್ದರು. ಮಗು ಬಟ್ಟಲು ನೋಡಿ ಅತ್ತಿತು, ಮೊಲೆ ನೋಡಿ ಅತ್ತಿತು, ಆಮೇಲೆ ಭೇದಿ ಹತ್ತಿತು, ಆಮೇಲೆ ಅಳುವುದೂ ನಿಂತಿತು. ಕಾಗದದ ಕಿರೀಟ ಇಟ್ಟು, ಪುಟ್ಟ ದೇವತೆಯಾದಳು ಎಂದು ಪಟಾಕಿ ಹಚ್ಚಿ ಹೂತು ಬಂದರು. ಬಿಡಿಸಿದ್ದಕ್ಕೆ ಹೋದಳು ಎಂದು ಯಾರೂ ಹೇಳಲಿಲ್ಲ. ಒತೀಲಿಯಾಗೆ ಯಾರೂ ಹೇಳಬೇಕಾಗಿಯೂ ಇರಲಿಲ್ಲ.

ಹಾಗಾಗಿ ಚೆಂಚೋ ಎಷ್ಟು ಹೀರಿದರೂ ಅವಳು ಸೆರಗು ಸರಿಸಿ ಕೊಟ್ಟಳು. ಕೊಟ್ಟಷ್ಟೂ ಅವಳ ಕೆನ್ನೆ ಒಳಗೆ ಹೋಯಿತು.

ಕಡಿಯುವ ಮೊದಲು ಒಣಗರಿ ಸುಡಲು ಕಬ್ಬಿನ ಗದ್ದೆಗೆ ಬೆಂಕಿ ಕೊಡುವ ದಿನಗಳು ಬಂದವು. ನಡುಹಗಲಿಗೆ ಆಕಾಶದಿಂದ ಸುಟ್ಟ ಗರಿಗಳ ಕಪ್ಪು ಚೂರು ಸದ್ದಿಲ್ಲದೆ ಉದುರುತ್ತಿತ್ತು, ಅಂಗಳದ ಕೋಳಿಗಳು ನೆರಳಲ್ಲಿ ಕೊಕ್ಕು ತೆರೆದು ಕಲ್ಲಾಗುತ್ತಿದ್ದವು. ನಸುಕಿನಿಂದ ಅರೆದು ದಣಿದ ಒತೀಲಿಯಾ ಆ ಹೊತ್ತಿಗೆ ಕೋಣೆಯ ಚಾಪೆಯ ಮೇಲೆ ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಬಾವಿಗೆ ಬಿದ್ದ ಹಾಗೆ ನಿದ್ದೆಹೋಗುವಳು. ಎಂದೂ ಸುಮ್ಮನಿರದ ಚೆಂಚೋ ಆ ಹೊತ್ತಿನಲ್ಲಿ ಮಾತ್ರ ಸುಮ್ಮನಿರತೊಡಗಿದ. ಅವಳಿಗೆ ಎಚ್ಚರವಾದಾಗ ಅವನ ಕಣ್ಣು ತೆರೆದೇ ಇರುತ್ತಿತ್ತು. ತುಟಿ ಒದ್ದೆ. ಬಾಯಲ್ಲಿ ಏನೂ ಇಲ್ಲದೆ ಚೀಪುತ್ತಾ ಸೂರನ್ನು ನೋಡುತ್ತಿದ್ದ. ಅವಳು ಮೊಲೆ ಕೊಟ್ಟರೆ ಮುಖ ತಿರುಗಿಸುವನು. ಸಂಜೆಯಾಯಿತೋ, ಮೊದಲಿಗಿಂತ ಹೆಚ್ಚು ಹಸಿದು ಚೀರುವನು. ದಿನದಿನಕ್ಕೆ ಅವನ ತೊಡೆಯ ಮಡಿಕೆಗಳು ಮಾಯವಾದವು. ಅವಳ ಹಾಲೂ ಇಳಿಯಿತು.

ಈ ಸಲ ಹೊಳೆಯಲ್ಲಿ ಹರ್ಕುಲಾನಾ ನಗಲಿಲ್ಲ. ಮಗುವಿನ ಕಾಲು ಹಿಡಿದು ನೋಡಿ, ದನಿ ತಗ್ಗಿಸಿದಳು. "ನಿಮ್ಮನೆ ಕಣಜದಲ್ಲಿ ಸಿಂಕ್ವಾತೆ ಇದೆಯೇನೇ?"

"ಇಲಿ ಹಿಡಿಯೋ ಹಾವಲ್ವಾ, ಯಾರ ಕಣಜದಲ್ಲಿ ಇಲ್ಲ?"

"ಇಲಿ ಸಿಗದಿದ್ರೆ ಬಾಣಂತಿ ಹಾಲಿಗೆ ಬರುತ್ತೆ ಕಣೇ. ಮಗು ಅಳೋ ಸದ್ದು ಹಿಡ್ಕೊಂಡೇ ಬರುತ್ತೆ. ನಿನ್ನ ಮುಖಕ್ಕೆ ಉಸಿರು ಬಿಡುತ್ತೆ, ನೀನು ಹೆಣದ ಹಾಗೆ ಮಲಗ್ತೀಯ. ಮೊಲೆಗೆ ತಾನು ಬಾಯಿ ಹಾಕುತ್ತೆ, ಕೂಸು ಅಳದೇ ಇರಲಿ ಅಂತ ಅದರ ಬಾಯಿಗೆ ಬಾಲ ಕೊಡುತ್ತೆ. ಪಾಪ, ಕೂಸು ಬಾಲ ಚೀಪ್ತಾ ಇರುತ್ತೆ."

ಒತೀಲಿಯಾಳ ಕೈಯಿಂದ ಸಾಬೂನು ಜಾರಿ ನೀರಿಗೆ ಹೋಯಿತು.

"ಬೂದಿ ಹಾಕಿ ನೋಡು," ಎಂದಳು ಕೊಮಾದ್ರೆ. "ಬಂದಿದ್ರೆ ಜಾಡು ಬಿಟ್ಟೇ ಹೋಗಿರುತ್ತೆ."

ಮಾರನೆಯ ಹಗಲು ಅವಳು ಒಲೆಯ ಬೂದಿಯನ್ನು ಹೊಸ್ತಿಲಿಗೂ ಚಾಪೆಗೂ ನಡುವೆ ಗೇಣಗಲ ಹರಡಿ ಮಲಗಿದಳು. ಮಲಗಬಾರದು ಎಂದುಕೊಂಡೇ ಮಲಗಿದಳು. ಎದ್ದಾಗ ಚೆಂಚೋ ಸೂರು ನೋಡುತ್ತಾ ಚೀಪುತ್ತಿದ್ದ. ಬೂದಿಯ ಮೇಲೆ ಬಳುಕಿ ಹೋದ ಜಾಡು. ಹೆಬ್ಬೆರಳ ದಪ್ಪ. ಒಳಗೆ ಬಂದದ್ದೊಂದು, ಹೊರಗೆ ಹೋದದ್ದೊಂದು.

ಅವಳ ಕೂಗಿಗೆ ನಿಕಾನೋರಾ ಓಡಿಬಂದಳು. ಮಸುಕುಗಣ್ಣಿನ ಮುದುಕಿ ನೆಲಕ್ಕೆ ಮೂಗು ತಾಗುವಷ್ಟು ಬಾಗಿ ನೋಡಿದಳು; ನೋಡಿದವಳು ಶಿಲುಬೆ ಗುರುತು ಹಾಕಿಕೊಂಡಳು. ಅವಳ ತುಟಿಯ ಬಣ್ಣ ಹೋಗಿತ್ತು. "ಬಂದೇಬಿಟ್ಟಿದೆಯಲ್ಲೇ," ಎಂದಳು, ಯಾರೋ ತನಗೆ ಮೋಸ ಮಾಡಿದರು ಎನ್ನುವ ದನಿಯಲ್ಲಿ. "ಇಷ್ಟೆಲ್ಲಾ ಮಾಡಿದ್ರೂ ಬಂದಿದೆ."

"ಏನು ಮಾಡಿದ್ರಿ ಅತ್ತೆ?"

ಮುದುಕಿ ಅಂಗಳಕ್ಕೆ ಹೋಗಿ ಲೋಳೆಸರದ ದಪ್ಪ ಎಲೆಯೊಂದನ್ನು ಮುರಿದು ತಂದು ಅರೆಯುವ ಕಲ್ಲಿನ ಪಕ್ಕ ಇಟ್ಟಳು. "ಶುಕ್ರವಾರ ಬಿಡಿಸೋದು. ನಿನ್ನ ಎದೇಲಿ ಹಾಲಿರೋ ತನಕ ಅದು ಬರೋದು ನಿಲ್ಲಿಸಲ್ಲ. ಹಾಲು ಒಣಗಿಸಿದ್ರೆ ಹುಡುಗ ಉಳೀತಾನೆ. ಇನ್ನೊಂದು ಮಾತು ಬೇಡ."

ಒತೀಲಿಯಾ ಆ ಎಲೆಯಿಂದ ಹಳದಿ ರಸ ತೊಟ್ಟಿಕ್ಕುವುದನ್ನೇ ನೋಡುತ್ತಾ ಕುಳಿತಳು. ಬಿಡಿಸಿದರೆ ಪೆತ್ರಾ ಹೋದ ದಾರಿ. ಬಿಡಿಸದಿದ್ದರೆ ಹಾವು. ಎರಡರಲ್ಲಿ ಯಾವುದಕ್ಕೆ ಮಗನನ್ನು ಕೊಡುವುದು? ಕೊನೆಗೆ ಒಂದೇ ಯೋಚನೆ ಉಳಿಯಿತು: ಬಿಡಿಸುವುದೇ ಆದರೆ, ತನ್ನ ಹಾಲು ಕುಡಿಯುತ್ತಿರುವುದು ಏನೆಂದು ಮೊದಲು ಕಣ್ಣಾರೆ ನೋಡಬೇಕು.

ಗುರುವಾರ ನಡುಹಗಲು ಅವಳು ಬೂದಿಯನ್ನು ಮತ್ತೆ ಹರಡಿ, ಮಕಾರಿಯೋನ ಹಳೆಯ ಮಚ್ಚನ್ನು ಚಾಪೆಯಡಿ ಇಟ್ಟುಕೊಂಡು, ನಾಲಗೆಯಡಿ ಹಸಿ ಮೆಣಸಿನ ಚೂರೊಂದನ್ನು ಒತ್ತಿಕೊಂಡು ಕಣ್ಣು ಮುಚ್ಚಿದಳು. ಬಾಯಿ ಉರಿಯುತ್ತಿತ್ತು, ನಿದ್ದೆ ಹತ್ತಿರ ಬರಲಿಲ್ಲ. ಹೊರಗೆ ಕಪ್ಪು ಗರಿಗಳು ಉದುರುತ್ತಿದ್ದವು. ಗಾಳಿ ಸತ್ತಿತ್ತು. ಅಂಗಳದ ಮೂಲೆಯಲ್ಲಿದ್ದ ಮಣ್ಣಿನ ಕಣಜದೊಳಗೆ ಕಾಳು ಸರಿದ ಸದ್ದಾಯಿತು, ಆಮೇಲೆ ಅದೂ ನಿಂತಿತು. ಚೆಂಚೋ ಕುಂಯ್ ಎಂದ. ಇನ್ನೇನು ದೊಡ್ಡದಾಗಿ ಅಳಬೇಕು, ಅಷ್ಟರಲ್ಲಿ ಹೊಸ್ತಿಲ ಬಳಿ ಏನೋ ನೆಲ ಸವರಿತು. ಸರ್ರ್. ನಿಂತಿತು. ಮತ್ತೆ ಸರ್ರ್.

ಅವಳು ರೆಪ್ಪೆಯ ಸಂದಿಯಿಂದ ನೋಡಿದಳು; ಕಂಡದ್ದು ನೆಲವಷ್ಟೇ. ಬೂದಿಯ ಮೇಲೆ ಕಪ್ಪಗಿನ ಒಂದು ತುದಿ ಬಳುಕುತ್ತಾ ಬರುತ್ತಿತ್ತು. ಅವಳ ಬೆರಳುಗಳು ಮಚ್ಚಿನ ಹಿಡಿಯನ್ನು ಬಿಗಿದವು. ಎತ್ತುವುದೊಂದೇ ಬಾಕಿ. ಆ ತುದಿಗೆ ಗೊಂಡೆಗಳಿದ್ದವು.

ಅದು ಶಾಲಿನ ಸೆರಗು. ಮುದುಕಿ ಗೇಣಗಲದ ಬೂದಿಯನ್ನು ಕಾಣದೆ ದಾಟಿದ್ದಳು. ಹೆಗಲಿಂದ ಜಾರಿದ ಸೆರಗು ಹಿಂದೆ ಎಳೆದುಕೊಂಡು ಬಂದಿತ್ತು. ನಿಕಾನೋರಾ ಉಸಿರು ಬಿಗಿಹಿಡಿದು ಕುಕ್ಕುರುಗಾಲಲ್ಲಿ ಕೂತು, ಸೊಸೆಯ ಮುಖದ ಹತ್ತಿರ ಬಾಗಿ ನೋಡಿದಳು. ಅವಳ ಬಿಸಿಯುಸಿರು ಒತೀಲಿಯಾಳ ಕೆನ್ನೆಗೆ ತಾಗಿತು. ಮಲಗಿದ್ದಾಳೆ ಎಂದು ಖಾತ್ರಿಯಾದ ಮೇಲೆ ಕೂಸನ್ನೆತ್ತಿ, ರವಿಕೆಯ ಗಂಟು ಬಿಚ್ಚಿ, ಬತ್ತಿ ಜೋತುಬಿದ್ದ ಮೊಲೆಯನ್ನು ಅದರ ಬಾಯಿಗಿಟ್ಟಳು. ಚೆಂಚೋ ಎರಡೂ ಕೈಯಲ್ಲಿ ಹಿಡಿದು ಚೀಪತೊಡಗಿದ. ಮುದುಕಿಯ ಕಣ್ಣು ಮುಚ್ಚಿತು. ಮುಖದ ಸುಕ್ಕುಗಳು ಒಂದೊಂದಾಗಿ ಸಡಿಲಾದವು. ಚಾಪೆಯ ಪಕ್ಕದಲ್ಲಿ ಕೂತಿದ್ದವಳು ಒತೀಲಿಯಾ ಎಂದೂ ಕಂಡಿರದ ಯಾವಳೋ ಎಳೆಯ ಹೆಂಗಸು.

"ಅತ್ತೆ."

ಮುದುಕಿ ಬೆಚ್ಚಿಬಿದ್ದಳು. ಕೂಸನ್ನು ಮಾತ್ರ ಬಿಡಲಿಲ್ಲ. ಸೊಸೆಯ ಕೈಲಿದ್ದ ಮಚ್ಚನ್ನು ನೋಡಿದಳು, ಬೂದಿಯನ್ನು ನೋಡಿದಳು, ತನ್ನ ಸೆರಗಿಗೆ ಹತ್ತಿದ್ದ ಬಿಳುಪನ್ನು ನೋಡಿದಳು. ಜಾಡು ತನ್ನದೇ ಎಂದು ಅವಳಿಗೂ ಈಗಲೇ ಗೊತ್ತಾದದ್ದು.

"ಅತ್ರೆ ಅದು ಬರುತ್ತೆ ಅಂತ ಕಣೇ," ಎಂದಳು. "ಸದ್ದು ಹಿಡ್ಕೊಂಡೇ ಬರೋದಲ್ವಾ ಅದು. ನೀನೋ ಸತ್ತಂಗೆ ಮಲಗಿರ್ತೀಯ. ಅಳದೇ ಇದ್ರೆ ಸಾಕು ಅಂತ ಕೊಟ್ಟೆ. ಒಣಗಿದ್ದು, ಅದ್ರಲ್ಲೇನಿದೆ? ಈ ವಯಸ್ಸಲ್ಲಿ ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ?"

"ದಿನಾನಾ?"

"ಗದ್ದೆಗೆ ಬೆಂಕಿ ಹಾಕೋಕೆ ಶುರು ಮಾಡಿದಾಗಿಂದ."

ಒತೀಲಿಯಾ ಮಚ್ಚನ್ನು ಬದಿಗಿಟ್ಟಳು. ಬೇಡದ ಹೊತ್ತಿಗೆ ಖಾಲಿ ಮೊಲೆ ಚೀಪಿ ದಣಿದ ಮಗು ತನ್ನ ಹತ್ತಿರ ಮುಖ ತಿರುಗಿಸುತ್ತಿತ್ತು; ಮಗು ಕುಡಿಯದ್ದಕ್ಕೆ ತನ್ನ ಹಾಲು ಇಳಿದಿತ್ತು. ಹಾವು ಮಾಡುವ ಕೆಲಸವನ್ನು ಹಾವಿನ ಹೆದರಿಕೆಯೇ ಮಾಡಿತ್ತು. ಕೈ ಚಾಚಿ ಮಗುವನ್ನು ಬಿಡಿಸಿಕೊಂಡಳು. ಬಿಡಿಸಿಕೊಂಡಾಗ ಚೆಂಚೋನ ಕೆಳತುಟಿಯ ಮೇಲೆ ಒಂದು ಹನಿ ನಿಂತಿತ್ತು. ಬೆಳ್ಳಗಿತ್ತು.

ಇಬ್ಬರೂ ಅದನ್ನೇ ನೋಡಿದರು. ನಿಕಾನೋರಾ ತನ್ನ ಎದೆಯನ್ನು ಬೆರಳಿಂದ ಒತ್ತಿದಳು. ಇನ್ನೊಂದು ಹನಿ ಮೂಡಿತು.

"ನಂಗೊತ್ತಿಲ್ಲ," ಎಂದು ಮುದುಕಿ ಪಿಸುಗುಟ್ಟಿದಳು. "ದೇವರಾಣೆ ನಂಗೊತ್ತಿಲ್ಲ ಕಣೇ. ಮಕಾರಿಯೋ ಹಾಲು ಬಿಟ್ಟ ಮೇಲೆ ಅಲ್ಲಿ ಏನೂ ಇರ್ಲಿಲ್ಲ."

ಹೊರಗೆ ಕಣಜದಲ್ಲಿ ಕಾಳು ಮತ್ತೆ ಸರಿಯಿತು. ಇಬ್ಬರೂ ತಿರುಗಿ ನೋಡಲಿಲ್ಲ.

"ನಾಳೆ ಶುಕ್ರವಾರ," ಎಂದಳು ಒತೀಲಿಯಾ. ಅತ್ತೆಗೆ ಎದುರಾಡಿ ಗೊತ್ತಿಲ್ಲದವಳು ಅವಳು. ನಿಧಾನವಾಗಿ ಹೇಳಿದಳು. "ಬಿಡಿಸೋಣ. ಆದ್ರೆ ನನ್ನಿಂದ ಅಲ್ಲ ಅತ್ತೆ. ನಿಮ್ಮಿಂದ."

ಮುದುಕಿ ತಲೆಯೆತ್ತಲಿಲ್ಲ. "ಪೆತ್ರಾ ಅಳ್ತಿದ್ದಾಗ ಈ ಹಾಲು ಬಂದಿದ್ರೆ..." ಎಂದಳು. ಒತೀಲಿಯಾ ಎದ್ದು ಅವಳ ರವಿಕೆಯ ಗಂಟನ್ನು ತಾನೇ ಕಟ್ಟಿದಳು.

ಮಾರನೆಯ ದಿನ ನಿಕಾನೋರಾ ಲೋಳೆಸರದ ಎಲೆ ಸಿಗಿದು ತನ್ನ ಎದೆಗೆ ತಾನೇ ಸವರಿಕೊಂಡಳು. ಚೆಂಚೋ ಬಾಯಿ ಹಾಕಿದ, ಮುಖ ಕಿವುಚಿದ, ತಲೆ ಹಿಂದೆ ಮಾಡಿ ಅಜ್ಜಿಯನ್ನು ದಿಟ್ಟಿಸಿದ. ದೊಡ್ಡವರು ನೋಡುವ ಹಾಗಿತ್ತು ಆ ನೋಟ. "ಹೋಗೋ ಕಳ್ಳ, ನಿಮ್ಮಮ್ಮನ ಹತ್ರ ಹೋಗು," ಎಂದು ಮುದುಕಿ ನಕ್ಕಳು. ನಗುತ್ತಲೇ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಅವತ್ತಿನಿಂದ ನಸುಕಿನಲ್ಲಿ ಜೋಳ ಅರೆಯುವ ಕಲ್ಲಿಗೆ ಅತ್ತೆ ಕೂತಳು, ಸೊಸೆ ಇನ್ನಷ್ಟು ಹೊತ್ತು ಮಲಗಿ ಮಗುವಿಗೆ ಹಾಲು ಕೊಟ್ಟಳು. ಹಾಲು ಕುಡಿಸಿದ ಮೇಲೆ ಹುರುಳಿಕಾಯಿ ಬೀಜದ ಕಟ್ಟಿನಲ್ಲಿ ಕಿವುಚಿದ ರೊಟ್ಟಿಯ ಮೆತ್ತನೆ ಒಳಪದರ ಒಂದೊಂದು ಬೆರಳು ನೆಕ್ಕಿಸಿದರು. ಹಾಲಿನ ಬದಲಿಗೆ ಅಲ್ಲ, ಹಾಲಿನ ಮೇಲೆ.

ಶನಿವಾರ ಬಂದ ಮಕಾರಿಯೋ ಸಿಗಿದ ಲೋಳೆಸರದ ಎಲೆ ನೋಡಿ, "ಬಿಡಿಸಿದ್ರಾ?" ಎಂದ.

"ಹೂಂ," ಎಂದಳು ಒತೀಲಿಯಾ. ಮಗು ಅವಳ ಎದೆಯಲ್ಲಿತ್ತು. ಅವನು ಇಬ್ಬರು ಹೆಂಗಸರ ಮುಖವನ್ನೂ ನೋಡಿ, ಕಾಲು ತೊಳೆಯಲು ಹೋದ.

ತೊಡೆಯ ಮಡಿಕೆಗಳು ಮರಳಿ ಬಂದವು. ಒತೀಲಿಯಾ ಅವನಿಗೆ ಹಾಲು ಬಿಡಿಸಲು ಮತ್ತೆ ದಿನ ನೋಡಲಿಲ್ಲ. ಆಡಲು ಓಡುವ ವಯಸ್ಸಿಗೆ ಬಂದ ಮೇಲೆ ಅವನೇ ಮರೆತ. ಆದರೆ ಆ ಕಟಾವಿನ ಕಾಲ ಮುಗಿಯುವವರೆಗೂ, ನಡುಹಗಲು ಕೋಳಿಗಳು ಸುಮ್ಮನಾದ ಹೊತ್ತಿಗೆ ಅಡುಗೆಮನೆಯಲ್ಲಿದ್ದ ಮುದುಕಿಯ ರವಿಕೆ ತಾನಾಗಿ ತೊಯ್ಯುತ್ತಿತ್ತು. ಅದೇ ಹೊತ್ತಿಗೆ ಚಾಪೆಯ ಮೇಲಿದ್ದ ಚೆಂಚೋ ತಾಯಿಯ ಕಡೆಗಲ್ಲ, ಯಾರೂ ಇಲ್ಲದ ಬಾಗಿಲ ಕಡೆಗೆ ತಿರುಗಿ ಬಾಯಿ ತೆರೆಯುತ್ತಿದ್ದ. ಒತೀಲಿಯಾ ಅವನ ಗಲ್ಲ ಹಿಡಿದು ಮೆಲ್ಲಗೆ ತನ್ನತ್ತ ತಿರುಗಿಸಿಕೊಂಡು ಮೊಲೆ ಕೊಡುತ್ತಿದ್ದಳು.