ಗುಜರಿ ಅಕ್ಕ ಹೊಡೆದ ಐದನೇ ಮೊಳೆ

ಬೆಳಗಿನ ಐದೂವರೆ. ಓಣಿಯ ತುದಿಯ ತಗಡಿನ ಶೆಡ್ಡಿನಲ್ಲಿ ಆಗಲೇ ದೀಪ ಉರಿಯುತ್ತಿದೆ. ಹಳೆಯ ರೇನ್‌ಕೋಟಿನಿಂದ ಹೊಲಿದ ಏಪ್ರನ್ ಕಟ್ಟಿಕೊಂಡ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು ಮರದ ಮೇಜಿನ ಅಂಚಿಗೆ ಹಿತ್ತಾಳೆ ಮೊಳೆ ಹೊಡೆಯುತ್ತಿದ್ದಾರೆ. ಅಕ್ಕಪಕ್ಕದವರ ನಿದ್ದೆ ಕೆಡದಿರಲೆಂದು ಸುತ್ತಿಗೆಯ ಮೂತಿಗೆ ಕಾಲುಚೀಲ ಸುತ್ತಿದ್ದಾರೆ. ಒಂದು ಮೊಳೆ ಹೊಡೆಯುವುದು, ಟೇಪು ಹಿಡಿದು ಅಳೆಯುವುದು, ಕಣ್ಣು ಮುಚ್ಚಿ ಬೆರಳಾಡಿಸುವುದು, ಮತ್ತೆ ಅಳೆಯುವುದು. ಮೇಜಿನ ಒಡೆಯರು ಹತ್ತು ಗಂಟೆಗೆ ಬರುತ್ತಾರೆ. ಅವರು ವಯಸ್ಸಾದ ಟೈಲರ್. ಮೇಜು ಕೈಗೆ ಒಗ್ಗದಿದ್ದರೆ ಐವತ್ತು ವರ್ಷದ ಕತ್ತರಿಯನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಮಗಳ ಹತ್ತಿರ ಹೇಳಿಬಿಟ್ಟಿದ್ದಾರೆ. ಹಾಗಾದರೆ ಅದಕ್ಕೆ ತಾನೇ ಕಾರಣ ಎಂಬ ಸಂಕಟಕ್ಕೆ ಈ ಹೆಂಗಸಿಗೆ ಎರಡು ದಿನದಿಂದ ಊಟ ಸೇರಿಲ್ಲ.

ಓಣಿಗೆಲ್ಲ ಇವರು ಗುಜರಿ ಅಕ್ಕ. "ಮೊದಮೊದಲು ಆ ಹೆಸರು ಕೇಳಿದ್ರೆ ಮೈಯೆಲ್ಲ ಉರೀತಿತ್ತು. ಈಗ ಹೆಸರು ಹಿಡಿದು ಕರೆದ್ರೆ ನಾನೇ ತಿರುಗಿ ನೋಡಲ್ಲ" ಎಂದು ನಗುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಇವರದು ಇದೇ ಕಸುಬು. ಜನ ಬೇಡವೆಂದು ಹೊರಗಿಟ್ಟ ಮನೆಸಾಮಾನಿಗೆ ಇನ್ನೊಂದು ಬಾಳು ಕೊಡುವುದು. ನಾಲ್ಕು ಹರಿದ ಕೊಡೆ ಸೇರಿದರೆ ನೀರು ಇಳಿಯದ ಒಂದು ಕೈಚೀಲ. ತಳ ಹೋದ ಕೆಟಲ್ಲು ಮೇಜುದೀಪವಾಗುತ್ತದೆ, ಬಾಗಿಲು ಮುರಿದ ಕಪಾಟು ಮಕ್ಕಳ ಪುಸ್ತಕದ ಗೂಡಾಗುತ್ತದೆ. ವಾರಕ್ಕೆ ಎರಡು ದೊಡ್ಡ ಸಾಮಾನು, ದಿನಕ್ಕೆ ಮೂರೋ ನಾಲ್ಕೋ ಚಿಕ್ಕವು. ಮಧ್ಯಾಹ್ನ ಎರಡರವರೆಗೆ ಎದ್ದು ನಿಲ್ಲುವುದು ಚಹಾಕ್ಕೆ ಮಾತ್ರ.

ಶೆಡ್ಡಿನೊಳಗೆ ಕಾಲಿಟ್ಟವರಿಗೆ ತಮ್ಮ ಬಾಲ್ಯದ ಒಂದಲ್ಲ ಒಂದು ವಸ್ತು ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಿವಿ ಹಿಂಡಿದರೆ ಗೊರಗೊರ ಎನ್ನುತ್ತಿದ್ದ ರೇಡಿಯೊ ಪೆಟ್ಟಿಗೆ, ಕೀಲಿ ಕೊಡದಿದ್ದರೆ ಮುನಿಸಿಕೊಂಡು ನಿಲ್ಲುತ್ತಿದ್ದ ಗೋಡೆ ಗಡಿಯಾರ, ಮುಚ್ಚಳ ತೆರೆದರೆ ನುಸಿಗುಳಿಗೆ ವಾಸನೆ ಬರುವ ಕಬ್ಬಿಣದ ಟ್ರಂಕು. ಬಂದವರು ಬಂದ ಕೆಲಸ ಮರೆತು "ಅಯ್ಯೋ, ನಮ್ಮಜ್ಜಿ ಹತ್ತಿರ ಇಂಥದ್ದೇ ಇತ್ತು" ಎಂದು ಅಲ್ಲೇ ಕೂತುಬಿಡುತ್ತಾರೆ. ಬಸ್ ಓಡಿಸಿ ನಿವೃತ್ತರಾದ ಅಕ್ಕನ ಗಂಡನಿಗೆ ಮಾತ್ರ ಒಂದೇ ಭಯ. "ನಾನೂ ಹಳೆಯವನಾದೆ. ಯಾವತ್ತೋ ಒಂದು ದಿನ ಬಿಚ್ಚಿ ಸ್ಟೂಲ್ ಮಾಡಿಬಿಡ್ತಾಳೆ."

ಕೆಲಸ ಕಲಿಸಿದ್ದು ಬಡಗಿಯಾಗಿದ್ದ ಅಪ್ಪ, ಬುದ್ಧಿ ಕಲಿಸಿದ್ದು ಅಮ್ಮ. ಹರಿದ ಅಂಗಿಯನ್ನು ಗುಂಡಿ ಬಿಚ್ಚಿಕೊಳ್ಳದೆ ಕಸಕ್ಕೆ ಹಾಕಿದವರಲ್ಲ ಆ ಅಮ್ಮ. ಅವರು ತೀರಿಕೊಂಡ ಮೇಲೆ ಅಣ್ಣಂದಿರು ಟ್ರಂಕನ್ನು ಗುಜರಿಯವನ ತಕ್ಕಡಿಗೆ ಹಾಕಿದರು. "ನಮ್ಮಮ್ಮನ ಪೆಟ್ಟಿಗೇನ ತೂಕಕ್ಕೆ ಹಾಕ್ತಾರಲ್ಲಾ ಅನ್ನಿಸಿ ಹೊಟ್ಟೆ ಉರಿದುಹೋಯ್ತು. ತಕ್ಕಡಿಯಿಂದ ಎತ್ಕೊಂಡು ಬಂದೆ" ಎನ್ನುತ್ತಾರೆ. ಆ ಟ್ರಂಕಿಗೆ ನಾಲ್ಕು ಕಾಲು ಕೂಡಿಸಿ ಮೇಲೊಂದು ಮೆತ್ತೆ ಹೊಲಿದು ಬೆಂಚು ಮಾಡಿದ್ದೇ ಮೊದಲ ಕೆಲಸ. ಆಮೇಲಿನ ದಾರಿ ಸಲೀಸಾಗಿರಲಿಲ್ಲ. ಧೂಳಿನಿಂದ ಅಂಟಿದ ಕೆಮ್ಮು ಇನ್ನೂ ಬಿಟ್ಟಿಲ್ಲ. ಗರಗಸ ಎಡಗೈ ತೋರುಬೆರಳಿನ ತುದಿಯನ್ನೇ ತಿಂದುಹಾಕಿದೆ. ಬೀದಿಗೆ ಕಸ ತಂದು ಗುಡ್ಡೆ ಹಾಕುತ್ತಾಳೆಂದು ಜಗಳಕ್ಕೆ ಬಂದ ನೆರೆಮನೆಯಾಕೆ ಈಗ ಇವರು ಮಾಡಿಕೊಟ್ಟ ಕುರ್ಚಿಯಲ್ಲೇ ಕೂತು ಬಿಸಿಲು ಕಾಯಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಪಳಗಿದ ಕೈ ಈ ಸಲ ಎಡವಿದೆ. ಟೈಲರ್ ಅಜ್ಜ ಅಂಗಡಿ ಬಿಟ್ಟು ಮಗಳ ಮನೆಗೆ ಬಂದಿದ್ದಾರೆ. ಅಲ್ಲಿನ ಕೋಣೆಗೆ ಬಟ್ಟೆ ಕತ್ತರಿಸುವ ಆರಡಿ ಮೇಜು ಹಿಡಿಸುವುದಿಲ್ಲ. ಅದನ್ನು ಮೂರೂವರೆ ಅಡಿಗೆ ಇಳಿಸಿಕೊಡಿ ಎಂದು ಮಗಳು ತಂದುಕೊಟ್ಟರು. ಹಳೆಯ ಮರ ಬಂದರೆ ಅಕ್ಕ ಮೊದಲು ಮಾಡುವ ಕೆಲಸ ಒಂದೇ. ಇಕ್ಕಳ ಹಿಡಿದು ಕಂಡ ಮೊಳೆಯನ್ನೆಲ್ಲ ಕೀಳುವುದು. ಮೊಳೆ ಉಳಿದರೆ ಗರಗಸದ ಹಲ್ಲು ಹಾರುತ್ತದೆ. ಈ ಮೇಜಿನ ಅಂಚಿನಲ್ಲಿದ್ದ ಒಂಬತ್ತು ಹಿತ್ತಾಳೆ ಮೊಳೆಗಳನ್ನೂ ಹಾಗೇ ಕಿತ್ತು ಡಬ್ಬಿಗೆ ಎಸೆದರು. ತೂತುಗಳಿಗೆ ಮರದ ಪುಡಿ, ಗೋಂದು ಕಲಸಿ ತುಂಬಿದರು. ಉಜ್ಜಿ ಉಜ್ಜಿ ಕನ್ನಡಿಯಂತೆ ನುಣ್ಣಗೆ ಮಾಡಿದರು. ನೋಡಲು ಬಂದ ಮಗಳು ಅಂಚನ್ನು ಸವರಿ ಅಲ್ಲೇ ನಿಂತುಬಿಟ್ಟರು.

"ಅಕ್ಕಾ, ಅಪ್ಪನ ಮೊಳೆಗಳೆಲ್ಲಿ?"

ಅಜ್ಜನ ಕಣ್ಣು ಮಂಜಾಗಿ ಆರು ವರ್ಷವಾಗಿದೆ. ಮೇಜಿನ ಮೂಲೆಯಿಂದ ನಾಲ್ಕು ಇಂಚಿಗೊಂದರಂತೆ, ಒಂಬತ್ತಕ್ಕೆ ಒಂದು ಗಜ. ಅವರು ಹೊಲಿಗೆ ಕಲಿತ ಹೊಸದರಲ್ಲಿ ತಾವೇ ಹೊಡೆದುಕೊಂಡ ಮೊಳೆಗಳವು. ಟೇಪಿನ ಅಂಕಿ ಕಾಣದಿದ್ದರೂ ಬೆರಳಿಗೆ ಮೊಳೆ ಸಿಗುತ್ತದೆ. ಅದನ್ನು ನಂಬಿಕೊಂಡೇ ಅವರು ಈಗಲೂ ಗೊತ್ತಿದ್ದವರಿಗೆ ಅಂಗಿ ಕತ್ತರಿಸಿ ಕೊಡುತ್ತಾರೆ. "ನಾನೇ ಮೊದಲು ಹೇಳ್ಬೇಕಿತ್ತು" ಎಂದು ಮಗಳು ಪೇಚಾಡಿಕೊಂಡರು. ಅಕ್ಕ ಒಪ್ಪಲಿಲ್ಲ. "ನೀವ್ಯಾಕೆ ಹೇಳ್ಬೇಕು? ಸವೆದಿರೋ ಮೊಳೆ ನೋಡಿ ನನಗೇ ಗೊತ್ತಾಗ್ಬೇಕಿತ್ತು. ಅವರಿಗೆ ಏನೂ ಹೇಳ್ಬೇಡಿ, ತಪ್ಪು ಮಾಡಿದ ನಾನೇ ಹೇಳ್ತೀನಿ." ಸಾವಿರಾರು ಮೊಳೆಗಳ ಡಬ್ಬಿಯನ್ನು ನೆಲಕ್ಕೆ ಸುರಿದುಕೊಂಡು, ತಲೆ ಸವೆದು ಹೊಳೆಯುವ ಆ ಒಂಬತ್ತನ್ನೇ ಆರಿಸಿ ತೆಗೆದರು. ಮುಚ್ಚಿದ ತೂತುಗಳು ಎಲ್ಲಿದ್ದವೆಂದು ಈಗ ಅವರ ಕಣ್ಣಿಗೂ ಕಾಣದು. ಉಳಿದ ದಾರಿ ಟೇಪು ಒಂದೇ.

ಹತ್ತಕ್ಕೆ ಸರಿಯಾಗಿ ಅಜ್ಜ ಮಗಳ ತೋಳು ಹಿಡಿದು ಬರುತ್ತಾರೆ. ಅಕ್ಕ ಕುರ್ಚಿ ಕೊಡುವ ಮೊದಲೇ ಹೇಳಿಬಿಡುತ್ತಾರೆ. "ಯಜಮಾನ್ರೇ, ನನ್ನಿಂದ ಒಂದು ತಪ್ಪಾಗಿದೆ. ನಿಮ್ಮ ಮೊಳೆಯೆಲ್ಲ ಕಿತ್ತುಹಾಕಿದ್ದೆ. ಅಳೆದು ವಾಪಸ್ ಹೊಡೆದಿದ್ದೀನಿ."

ಅಜ್ಜ ಮುಂದೆ ಬಾಗುತ್ತಾರೆ. ಮೇಜಿನ ಮೂಲೆ ಹುಡುಕಿ ಹೆಬ್ಬೆರಳಿಡುತ್ತಾರೆ. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಮೇಲೆ ಬೆರಳು ನಿಲ್ಲುತ್ತದೆ. ಹಿಂದೆ ಹೋಗಿ ಮತ್ತೆ ಬಂದು ಅಲ್ಲೇ ನಿಲ್ಲುತ್ತದೆ.

"ಇದು ನನ್ನದಲ್ಲ."

ಅಕ್ಕ ಮೇಜಿನ ಪಕ್ಕ ಮೊಣಕಾಲೂರುತ್ತಾರೆ. ಟೇಪು ಹಿಡಿದು ಎರಡೆರಡು ಸಲ ಅಳೆಯುತ್ತಾರೆ. "ಸರಿಯಾಗಿ ಇಪ್ಪತ್ತು ಇಂಚಿದೆಯಲ್ಲ ಯಜಮಾನ್ರೇ."

"ಅದೇ ತಾಯೀ, ಸರಿಯಾಗಿದೆ. ಅದಕ್ಕೇ ನನ್ನದಲ್ಲ" ಎಂದು ಅಜ್ಜ ಮೆಲ್ಲಗೆ ನಗುತ್ತಾರೆ. "ಕಲಿಯೋ ಕಾಲದಲ್ಲಿ ಐದನೇದನ್ನ ಅರ್ಧ ಇಂಚು ಆಚೆ ಹೊಡೆದುಬಿಟ್ಟಿದ್ದೆ. ಬಟ್ಟೆ ಮಡಚಿ ಹಾಸಿದ್ರೆ ಎದೆ ಅಳತೆಯೆಲ್ಲ ಬರೋದೇ ಅಲ್ಲಿ. ತಿದ್ದೋಣ ಅಂದ್ಕೊಳ್ಳೋ ಹೊತ್ತಿಗೆ, ನಿಮ್ಮ ಅಂಗಿ ಹಾಕ್ಕೊಂಡ್ರೆ ಹಾಯಾಗಿರುತ್ತೆ ಅಂತ ಜನ ಹುಡುಕಿಕೊಂಡು ಬರೋಕೆ ಶುರುಮಾಡಿದ್ರು. ಆಮೇಲೆ ಯಾಕೆ ತಿದ್ದಲಿ? ಐವತ್ತು ವರ್ಷ ಎಲ್ಲರಿಗೂ ಉಸಿರಾಡೋಕೆ ಅರ್ಧ ಇಂಚು ಬಿಟ್ಟುಕೊಟ್ಟೆ."

ಮಗಳಿಗೂ ಇದು ಹೊಸ ಸುದ್ದಿ. ಅಕ್ಕ ಇಕ್ಕಳ ತಂದು ಐದನೆಯದನ್ನು ಕೀಳುತ್ತಾರೆ. ಅಜ್ಜ ಬೆರಳನ್ನು ಸರಿಸಿ, ತಡೆದು, ಕೂದಲೆಳೆಯಷ್ಟು ಹಿಂದೆ ಬಂದು ಒಂದು ಜಾಗದಲ್ಲಿ ಒತ್ತಿ ಹಿಡಿಯುತ್ತಾರೆ. ಅಕ್ಕ ಆ ಉಗುರಿನ ಪಕ್ಕದಲ್ಲೇ ಮೊಳೆಯ ಮೊನೆ ಊರಿ ಮೂರೇಟು ಹಾಕುತ್ತಾರೆ. ಅಜ್ಜ ಮತ್ತೆ ಮೂಲೆಯಿಂದ ಶುರುಮಾಡುತ್ತಾರೆ. ಈ ಸಲ ಬೆರಳು ಒಂಬತ್ತನೆಯದರವರೆಗೂ ಎಲ್ಲೂ ನಿಲ್ಲದೆ ಹೋಗುತ್ತದೆ.

"ಮನೆಗೆ ಕಳಿಸಿಕೊಡು ತಾಯೀ" ಎನ್ನುತ್ತಾರೆ. "ಸಂಜೆಗೆ ಒಂದು ಅಂಗಿ ಕತ್ತರಿಸೋದಿದೆ."

ಅವರು ಹೋದ ಮೇಲೂ ಅಕ್ಕ ಸುತ್ತಿಗೆ ಕೆಳಗಿಡದೆ ನಿಂತಿದ್ದಾರೆ. ಕಣ್ಣೊರೆಸಿಕೊಂಡು ಹೇಳುತ್ತಾರೆ:

"ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮೊಳೆ ಹೊಡೆದೆನೋ ಲೆಕ್ಕ ಇಲ್ಲ. ಬೇಕಂತಲೇ ತಪ್ಪು ಜಾಗಕ್ಕೆ ಹೊಡೆದದ್ದು ಇದೊಂದೇ. ಎಷ್ಟು ಚೆನ್ನಾಗಿ ಕೂತಿದೆ ನೋಡಿ."