ಹಗ್ಗದ ಮೂರನೆಯ ಗಂಟು

ದೆವ್ವ ಕಂಡೆ ಎನ್ನುವವರ ಮೇಲೆ ನನಗೆ ಮೊದಲಿನಿಂದಲೂ ಬಲು ಪ್ರೀತಿ. ಅವರ ಕಥೆಯನ್ನು ಬಾಯಿ ಬಿಟ್ಟುಕೊಂಡು ಕೇಳುವುದು, ಮರುದಿನ ಅವರದೇ ಧ್ವನಿಯಲ್ಲಿ, ಅವರದೇ ಕೆಮ್ಮು ಸಮೇತ, ನಾಲ್ಕು ಜನರೆದುರು ಹೇಳಿ ನಗಿಸುವುದು ನನ್ನ ಚಾಳಿ. ಬ್ರಹ್ಮಾವರದ ಬಸ್ಸಿನ ಕಂಡಕ್ಟರನಿಂದ ಹಿಡಿದು ನನ್ನ ಮದುವೆ ಮಾಡಿಸಿದ ಭಟ್ಟರವರೆಗೆ ಯಾರನ್ನೂ ಬಿಟ್ಟವನಲ್ಲ. ಹಾಗಾಗಿ ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ, ಅದು ನನಗೆ ಸಲ್ಲಬೇಕಾದದ್ದೇ.

ಮೊದಲು ನನ್ನ ಉದ್ದದ ವಿಷಯ. ನಾನು ಆರಡಿ ನಾಲ್ಕಿಂಚು. ಹೆಂಡತಿ ಶೈಲಾ ಐದಡಿ ಹನ್ನೊಂದು. ತಂತಿ ಎಳೆಯಲು ಮರೆತ ಎರಡು ಲೈಟು ಕಂಬ ಎಂದು ಬೇರೆಯವರು ಹೇಳುವ ಮೊದಲು ನಾನೇ ಹೇಳಿಕೊಂಡು ತಿರುಗುತ್ತೇನೆ. ಮದುವೆಯ ಹೊಸತರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ, ಕಡಲತೀರ ಸುತ್ತುವ ಹುಚ್ಚು ಹಿಡಿದಿತ್ತು. ಗೆಳೆಯನೊಬ್ಬನ ಟೆಂಟು ತಂದು ಮಲಗಿದೆವು. ಇಬ್ಬರಿಗೆ ಸಾಕು ಎಂದು ಅದರ ಮೇಲೆ ಬರೆದಿತ್ತು. ಎಂಥ ಇಬ್ಬರಿಗೆ ಎಂದು ಬರೆದಿರಲಿಲ್ಲ. ಉದ್ದ ಏಳಡಿಯೇನೋ ಹೌದು, ಆದರೆ ಅದು ನೆಲದ ಲೆಕ್ಕ. ಬಟ್ಟೆ ಎರಡೂ ತುದಿಯಲ್ಲಿ ಇಳಿಜಾರಾಗಿ ಬಂದು ತಲೆಗೂ ಪಾದಕ್ಕೂ ತಾಗಿ, ಬೆಳಗಾಗುವಾಗ ಆ ಊರಿನ ಇಬ್ಬನಿಯೆಲ್ಲ ನನ್ನ ಕಾಲುಚೀಲದಲ್ಲಿತ್ತು.

ಹೊಸದನ್ನೇ ಕೊಳ್ಳೋಣ ಎಂದಾಯಿತು. ಹಗುರ ಇರಬೇಕು, ಕೂತರೆ ತಲೆ ತಾಗಬಾರದು, ಕಾಲು ಚಾಚಿದರೆ ಬಟ್ಟೆ ಸಿಗಬಾರದು. ಮಲಗಿದ ಮನುಷ್ಯ ಪಾದ ಚಾಚಿ ನಿಂತದ್ದಕ್ಕಿಂತ ಉದ್ದವಾಗುತ್ತಾನೆ, ಆದ್ದರಿಂದ ಮಲಗಿಯೇ ಅಳೆಯಬೇಕು ಎಂದು ಲೆಕ್ಕ ಹಾಕಿದವನು ನಾನೇ. ಒಂದು ಭಾನುವಾರ ಗಂಗೊಳ್ಳಿಯಲ್ಲಿ, ಶೈಲಾಳ ತವರಿನ ಜಗಲಿಯ ಮೇಲೆ ಅಂಗಾತ ಮಲಗಿದೆ. ಅವಳು ಬಲೆ ಹೆಣೆಯುವ ಹಗ್ಗದಿಂದ ನನ್ನನ್ನು ಅಳೆದು ಒಂದು ಗಂಟು ಹಾಕಿದಳು. ಆಮೇಲೆ ಅವಳು ಮಲಗಿದಳು, ನಾನು ಇನ್ನೊಂದು ಗಂಟು ಹಾಕಿದೆ. ಎರಡನೇ ಗಂಟು ಬಿಗಿಯುವಾಗ ಒಣಮೀನು ಹರಡಲು ಹೋಗಿದ್ದ ಅತ್ತೆ ಬಂದರು.

"ಹ್ವಾಯ್! ಏಳಿ, ಏಳಿ ಕಾಂಬ! ಎಂತ ಮಾಡ್ತ್ರಿ ಇಬ್ರೂ?"

"ಟೆಂಟಿಗೆ ಅಳತೆ, ಅತ್ತೆ."

"ಮಲ್ಕಂಡ್ ಮನ್ಷರನ್ನ ಅಳೆಯೂದ್ ಒಂದೇ ಸಲ ಮಾರ್ರೆ. ಆಗ ಬೇರೆಯವ್ರ್ ಅಳೀತ್ರ್."

ನಾನು ಸೊಂಟಕ್ಕೆ ಕೈಯಿಟ್ಟು ಅದೇ ಮಾತನ್ನು ಅವರದೇ ಧ್ವನಿಯಲ್ಲಿ ಅವರಿಗೇ ಹೇಳಿದೆ. ಅತ್ತೆ ನಕ್ಕುಬಿಟ್ಟರು. "ನಿಮ್ ಬಾಯಿಗೆ ಬೀಗ ಹಾಕೂಕ್ ದೇವ್ರಿಗೂ ಆತಿಲ್ಲೆ." ಆಮೇಲೆ ಹಗ್ಗದ ಕಡೆ ನೋಡಿದರು. ನಗು ನಿಂತಿತು. "ನಿಮ್ ಮಾವನ್ನ ಆ ಒಂದ್ ಸಲವೂ ಅಳೆಯೂಕ್ ಆಯ್ಲಿಲ್ಲೆ."

ಮಾವ ನಮ್ಮ ಮದುವೆಗೆ ಮೊದಲೇ ಕಡಲಿಗೆ ಹೋದವರು. ಬೋಟು ಬಂತು, ಜೊತೆಗಾರರು ಬಂದರು, ಅವರು ಬರಲಿಲ್ಲ. ದೇಹವೂ ಸಿಗಲಿಲ್ಲ. ಶೈಲಾಳ ಎತ್ತರ ಅವರಿಂದ ಬಂದದ್ದು. ಅವರಿಗೆಂದೇ ಬಡಗಿ ಮಾಡಿಕೊಟ್ಟ ಉದ್ದನೆಯ ಮಂಚ ಒಳಗಿನ ಕೋಣೆಯಲ್ಲಿದೆ. ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಅದರ ಮೇಲೆ ಹಾಸಿಗೆ ಬಿಡಿಸುತ್ತಿದ್ದರು, ಬೆಳಿಗ್ಗೆ ಸುತ್ತಿಡುತ್ತಿದ್ದರು. ಉತ್ತರಕ್ರಿಯೆ ಮುಗಿಸೋಣ ಎಂದ ತಮ್ಮ ಅಣ್ಣಂದಿರಿಗೆ, "ಮೈ ಸಿಕ್ದೆ ಎಂತ ಮಾಡೂದ್? ಬಂದ್ರೆ ಎಲ್ಲಿ ಮಲ್ಕಂತ್ರ್?" ಎಂದು ಕೇಳಿದ್ದರಂತೆ. ಅಮ್ಮ ಇನ್ನೆಷ್ಟು ವರ್ಷ ಹೀಗೆ ಹಾಸಿಗೆ ಹಾಸುತ್ತಾಳೆ ಎಂಬುದೊಂದೇ ಶೈಲಾಳ ಚಿಂತೆ. ಆ ಮನೆಯಲ್ಲಿ ನಾನು ಅಣಕಿಸದ ಧ್ವನಿ ಮಾವನದು ಮಾತ್ರ. ಕೇಳಿದ್ದರೆ ತಾನೇ!

ಟೆಂಟು ಬಂತು. ಮೂವರದ್ದು. ನಮ್ಮಂಥ ಉದ್ದನೆಯ ಜೋಡಿಗೆ ಅದೇ ಸರಿ. ತೂಕ ಎರಡು ಸೇರು ಅಕ್ಕಿಯಷ್ಟೂ ಇರಲಿಲ್ಲ. ಬೀಜಾಡಿಯಲ್ಲಿ ಗೆಳೆಯನ ತೆಂಗಿನ ತೋಟದ ಅಂಚಿಗೆ, ಮರಳಿನ ಮೇಲೆ ಹಾಕಿದೆವು. ಹಾಕುವ ಮೊದಲು ತೆಂಗಿನ ಮಡಲಿನಿಂದ ಮರಳನ್ನು ನಾನೇ ಸಮತಟ್ಟು ಮಾಡಿದ್ದೆ. ಇದನ್ನು ನೆನಪಿಡಿ.

"ನಾವಿಬ್ರ್ ಮಲ್ಕಂಬ್ಕೆ ಇದೆಂತ ಮದ್ವಿ ಚಪ್ಪರವಾ?" ಎಂದು ಶೈಲಾ ಒಳಗೆ ಹೊರಳಾಡಿ ನೋಡಿದಳು. ಚೀಲಗಳನ್ನು ಟೆಂಟಿನ ಬಾಗಿಲಾಚೆ ಚಾಚಿದ ಬಟ್ಟೆಯ ಮಾಡಿನಡಿ ಇಟ್ಟೆವು. ತೋಟದ ಬದಿಗೆ ಅವಳು, ನಡುವೆ ನಾನು. ಕಡಲ ಬದಿಗೆ ಒಬ್ಬರು ಮಲಗುವಷ್ಟು ಜಾಗ ಖಾಲಿ ಉಳಿಯಿತು.

ರಾತ್ರಿ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಕಾಲು ಚಾಚಿ ಸತ್ತ ಹಾಗೆ ನಿದ್ದೆ ಮಾಡಿದೆ. ಇಂಥದ್ದನ್ನು ಬರೆಯುವವನಿಗೆ ಇದಕ್ಕಿಂತ ಪ್ರಯೋಜನವಿಲ್ಲದ ರಾತ್ರಿ ಇರಲಾರದು.

ಬೆಳಿಗ್ಗೆ ಶೈಲಾ ನನ್ನ ಮೊಬೈಲನ್ನೂ ಹಿಡಿದುಕೊಂಡು ರಸ್ತೆ ಬದಿಯ ಅಂಗಡಿಗೆ ಚಹಾ ತರಲು ಹೋದಳು. ನಾನು ಗೂಟ ಕಿತ್ತು ಟೆಂಟನ್ನು ಒಂದೇ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟೆ. ಮರಳಿನ ಮೇಲೆ ಮಲಗಿದವರಿಗೆ ಗೊತ್ತು, ಅಡಿಯಲ್ಲಿ ಮೈಯ ಅಚ್ಚು ಬೀಳುತ್ತದೆ. ಭುಜ, ಸೊಂಟ, ಹಿಮ್ಮಡಿ. ಶೈಲಾಳ ಅಚ್ಚಿತ್ತು. ನನ್ನದಿತ್ತು. ಕಡಲ ಬದಿಗೆ ಇನ್ನೊಂದಿತ್ತು.

ಅಗಲ ಭುಜ. ಹಿಮ್ಮಡಿ ಆಳವಾಗಿ ಕೂತಿತ್ತು. ಸುತ್ತ ನಮ್ಮ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯಿಲ್ಲ. ನಮ್ಮನ್ನು ಅಳೆದಿದ್ದ ಹಗ್ಗವನ್ನೇ ಟವೆಲು ಒಣಹಾಕಲು ಕಟ್ಟಿದ್ದೆವು; ಅದನ್ನು ಬಿಚ್ಚಿ ಆ ಅಚ್ಚಿನ ಅಳತೆಗೆ ಅದರ ಮೇಲೆ ಯಾಕೆ ಹಿಡಿದೆನೋ ಗೊತ್ತಿಲ್ಲ. ಅಚ್ಚು ನನ್ನ ಗಂಟನ್ನು ದಾಟಿ ನಾಲ್ಕು ಬೆರಳು ಮುಂದೆ ಹೋಯಿತು. ಅಲ್ಲೊಂದು ಗಂಟು ಹಾಕಿದೆ. ಅಷ್ಟರಲ್ಲಿ ಶೈಲಾ ದೂರದಿಂದ ಕೂಗಿದಳು. ನಾನು ಕಾಲಿನಿಂದ ಮರಳು ಎಳೆದು ಮೂರೂ ಅಚ್ಚುಗಳನ್ನು ಅಳಿಸಿದೆ. ಚಹಾ ಕುಡಿಯುವಾಗ ಅಂಗಡಿಯವನನ್ನು ಅಣಕಿಸಿ ಅವಳನ್ನು ನಗಿಸಿದೆ ಕೂಡ.

ನಾನೇ ನಿದ್ದೆಯಲ್ಲಿ ಹೊರಳಿರಬಹುದು. ಸಂಜೆ ಅವಳು ಹೊರಳಾಡಿದ ಗುರುತಿರಬಹುದು. ಹಗ್ಗ ಇಬ್ಬನಿಗೆ ಹಿಗ್ಗುಕುಗ್ಗಾಗಿರಬಹುದು. ಇವನ್ನೆಲ್ಲ ನನಗೆ ನಾನೇ, ಬೇರೆ ಬೇರೆ ಧ್ವನಿಯಲ್ಲಿ, ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಯಾವ ಧ್ವನಿಯೂ ಒಪ್ಪಿಸಲಿಲ್ಲ.

ಹದಿನೈದು ದಿನ ಕಳೆದು ಗಂಗೊಳ್ಳಿಗೆ ಹೋದಾಗ ಹಗ್ಗ ನನ್ನ ಚೀಲದಲ್ಲೇ ಇತ್ತು. ಸೊಳ್ಳೆಪರದೆ ಕಟ್ಟಲೆಂದು ಅತ್ತೆ ಅದನ್ನು ಎಳೆದುಕೊಂಡರು. ಬಲೆ ಹೆಣೆದ ಬೆರಳು. ಮೂರನೆಯ ಗಂಟಿಗೆ ಬಂದು ನಿಂತಿತು.

"ಅವತ್ತ್ ಗಂಟ್ ಎರ್ಡೇ ಅಲ್ದಾ? ಇದ್ ಯಾರದ್?"

ಯಾರ ಧ್ವನಿಯನ್ನೂ ಎರವಲು ಪಡೆಯದೆ ನಡೆದದ್ದನ್ನು ಹೇಳಿದೆ. ಅತ್ತೆ ಒಳಗೆ ಹೋಗಿ, ಮಂಚದ ತಲೆಯಿಂದ ಕಾಲಿನವರೆಗೆ ಹಗ್ಗ ಎಳೆದರು. ಗಂಟು ಎಲ್ಲಿ ಬಂತೋ, ಅವರು ಅಡ್ಡ ನಿಂತಿದ್ದರಿಂದ ನನಗೆ ಕಾಣಲಿಲ್ಲ. ತಿರುಗದೆಯೇ ಕೇಳಿದರು:

"ಮರ್ಳ್ ಚಂಡಿ ಇದ್ದಿತ್ತಾ, ಒಣ್ಗಿದ್ದಿತ್ತಾ?"

ಚಂಡಿ ಎಂದರೆ ಒದ್ದೆ. ಆ ಮರಳನ್ನು ನಾನು ಕೈಯಿಂದ ಮುಟ್ಟಿದ್ದೆ, ಕಾಲಿನಿಂದ ಎಳೆದಿದ್ದೆ. ಆದರೂ ನೆನಪಾಗಲಿಲ್ಲ. "ಒಣಗಿತ್ತು ಅತ್ತೆ" ಎಂದೆ.

ಆ ಸಂಜೆ ಅವರು ದೀಪ ಹಚ್ಚಿದರು, ಹಾಸಿಗೆ ಬಿಡಿಸಲಿಲ್ಲ. ಶೈಲಾ ಬಾಗಿಲಲ್ಲಿ ನಿಂತು, "ಅಮ್ಮ, ಇವತ್ತ್ ಹಾಸೂದಿಲ್ಯಾ?" ಎಂದಳು.

"ಮಲ್ಕಂಡಾಯ್ತಲೆ," ಎಂದರು ಅತ್ತೆ. "ಒಣ ಜಾಗದಲ್ಲೇ."

ಮುಂದಿನ ತಿಂಗಳು ಕ್ರಿಯೆ ನಡೆಯಿತು. ಶೈಲಾಳ ಚಿಂತೆ ಮುಗಿಯಿತು, ನನ್ನದು ಶುರುವಾಯಿತು. ಅಲ್ಲಿ ಮಲಗಿದ್ದು ಯಾರು, ಅಥವಾ ಯಾರಾದರೂ ಮಲಗಿದ್ದರೇ ಎಂಬುದು ನನಗೆ ಇಂದಿಗೂ ತಿಳಿಯದು. ಆಮೇಲೆ ಎರಡು ಸಲ ಬೀಜಾಡಿಗೆ ಒಬ್ಬನೇ ಹೋಗಿ, ಅದೇ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಮರಳಿನ ಮೇಲೆ ಅಂಗೈಯಿಟ್ಟು ನೆನಪು ಮಾಡಿಕೊಳ್ಳಲು ನೋಡಿದೆ. ಒಂದು ಸಲ ಒಣಗಿತ್ತು. ಇನ್ನೊಂದು ಸಲ ಚಂಡಿ.